ಥಾವ್ ಕುಲದ ಸೊಸೆ

ಸೇಂಟ್ ಪಾಲ್
20 ಜುಲೈ 2018

ಪ್ರಿಯ ಐಲಿ,

ಎರಡು ವರ್ಷದಿಂದ ಕ್ರಿಸ್‌ಮಸ್ ಕಾರ್ಡು ಬಿಟ್ಟು ಬೇರೇನೂ ಬರೆಯದವಳು ಹೀಗೆ ಕಾಗದ ತುಂಬಿಸುತ್ತಿದ್ದಾಳೆ ಎಂದರೆ ಏನೋ ಎಡವಟ್ಟು ಮಾಡಿಕೊಂಡಿರಬೇಕು ಎಂದು ನೀವು ಆಗಲೇ ಊಹಿಸಿರುತ್ತೀರಿ. ಹೌದು, ಮಾಡಿಕೊಂಡಿದ್ದೇನೆ. ಕ್ಲಿನಿಕ್ಕಿನ ಈಮೇಲಿನಲ್ಲಿ ಇಂಥದ್ದನ್ನು ಬರೆಯುವ ಹಾಗಿಲ್ಲ. ಫೋನು ಮಾಡೋಣವೆಂದರೆ ನೀವು ಆರು ಮಾತಾಡಿ ಇಟ್ಟುಬಿಡುತ್ತೀರಿ. ಅದಕ್ಕೇ ಅಂಚೆ. ನೀವು ನಿವೃತ್ತಿಯಾಗಿ ಎಂಬರಾಸಿನ ಕಾಡಿನಲ್ಲಿ ಬ್ಲೂಬೆರಿ ಕೀಳುತ್ತಿದ್ದರೂ ನನ್ನ ಪಾಲಿಗೆ ಇನ್ನೂ ನನ್ನ ಥೆರಪಿ ಕೆಲಸವನ್ನು ತಿದ್ದುವ ಗುರುಗಳೇ.

ಮೂರು ವಾರದಿಂದ ಒಬ್ಬ ಹೆಂಗಸು ಬರುತ್ತಿದ್ದಾರೆ. ಹೆಸರು ಬರೆಯುವುದಿಲ್ಲ, ಸೌತೆಕಾಯಿ ಅತ್ತೆ ಎಂದುಕೊಳ್ಳಿ. ಐವತ್ತೇಳು ವರ್ಷ, ಲಾವೋಸಿನ ಬೆಟ್ಟಗಳಿಂದ ಬಂದ ನಮ್ಮ ಹ್ಮಾಂಗ್ ಜನ. ಊರಾಚೆ ಒಂದು ತುಂಡು ನೆಲದಲ್ಲಿ ತರಕಾರಿ ಬೆಳೆದು ಶನಿವಾರದ ಸಂತೆಯಲ್ಲಿ ಮಾರುತ್ತಾರೆ. ನಿದ್ದೆಯಿಲ್ಲ, ಊಟ ಸೇರುವುದಿಲ್ಲ. ‘ನನ್ನ ಈಲಿ ಭಾರವಾಗಿದೆ’ ಎನ್ನುತ್ತಾರೆ. ನಮ್ಮವರಿಗೆ ದುಃಖ ಬಂದು ಕೂರುವುದು ಎದೆಯಲ್ಲಲ್ಲ, ಈಲಿಯಲ್ಲಿ, ಲಿವರಿನಲ್ಲಿ. ಆಸ್ಪತ್ರೆಯವರು ಪಾಪ ಅದನ್ನು ಹಾಗೆಯೇ ನಂಬಿ ಎರಡು ಸಲ ಸ್ಕ್ಯಾನ್ ಮಾಡಿಸಿ, ಏನೂ ಸಿಗದೆ ನನ್ನ ಬಳಿ ಕಳಿಸಿದ್ದಾರೆ.

ಮೊದಲ ದಿನ ಅವರು ಕೂರಲೇ ಇಲ್ಲ. ಬಾಗಿಲಲ್ಲೇ ನಿಂತು ಕೇಳಿದರು: “ಯಾರ ಮಗಳಮ್ಮ ನೀನು?”

“ಮುವಾ ಕುಲದವಳು.”

“ಯಾರ ಮನೆ ಸೊಸೆ?”

ಇಂಥ ಪ್ರಶ್ನೆಗೆ ‘ಅದು ನಿಮಗೆ ಯಾಕೆ ಮುಖ್ಯ ಅನ್ನಿಸುತ್ತೆ?’ ಎಂದು ತಿರುಗಿ ಕೇಳಬೇಕೆಂದು ನೀವು ಕಲಿಸಿದ್ದೀರಿ. ನಮ್ಮ ಹಿರಿಯರಿಗೆ ಹಾಗೆಂದರೆ ಅವರು ಬಂದ ದಾರಿಯಲ್ಲೇ ಬಸ್ ಹತ್ತುತ್ತಾರೆ. ಸಂಬಂಧ ಗೊತ್ತಾಗದೆ ಏನೆಂದು ಕರೆಯುವುದು, ಏನೆಂದೂ ಕರೆಯದೆ ಕಷ್ಟ ಹೇಳಿಕೊಳ್ಳುವುದು ಹೇಗೆ? ನಾನು “ಥಾವ್ ಮನೆ ಸೊಸೆ” ಎಂದೆ.

“ಅಯ್ಯೋ, ನಾನೂ ಥಾವ್ ಮನೆಗೇ ಬಂದೋಳು! ಹಂಗಾದ್ರೆ ನೀನು ನಂಗೆ ಸೊಸೆ ಆದೆ ಕಣೇ!” ಎಂದು ಕೂತವರು ಚೀಲದಿಂದ ಆರು ಸೌತೆಕಾಯಿ ತೆಗೆದು ಮೇಜಿನ ಮೇಲಿಟ್ಟರು. ನೆಂಟರ ಮನೆಗೆ ಬರಿಗೈಯಲ್ಲಿ ಬರುವುದು ಹೇಗೆ ಎಂದು. ನಮ್ಮ ಕ್ಲಿನಿಕ್ಕಿನಲ್ಲಿ ಉಡುಗೊರೆ ತೆಗೆದುಕೊಳ್ಳುವಂತಿಲ್ಲ. ತೆಗೆದುಕೊಂಡೆ.

ನಾನು ಥಾವ್ ಮನೆ ಬಿಟ್ಟು ಮೂರು ವರ್ಷವಾಯಿತು. ಕೋರ್ಟಿನ ಕಾಗದದ ವಿಷಯ ನಿಮಗೆ ಗೊತ್ತು. ಅದರಾಚೆಯದನ್ನು ನಾನು ಹೇಳಿಲ್ಲ. ಗಂಡನ ಮನೆ ಹೊಸಿಲಲ್ಲಿ ನಮ್ಮ ತಲೆಯ ಮೇಲೆ ಕೋಳಿ ನಿವಾಳಿಸಿದರೆ ಅಲ್ಲಿಗೆ ನಾವು ಆ ಮನೆಯ ಪಿತೃಗಳ ಪಾಲು. ಅಲ್ಲಿಂದ ಹೊರಟುಬಂದವಳನ್ನು ಅಪ್ಪನ ಮನೆಯ ಪಿತೃಗಳು ಮತ್ತೆ ಒಳಗೆ ಸೇರಿಸುವುದಿಲ್ಲ. ಅಂಥವಳ ಮುಂದೆ ಯಾವ ಹಿರಿಯಳೂ ಮನೆಯ ವಿಷಯ ಆಡುವುದಿಲ್ಲ. ಹೀಗೇ ಗೊತ್ತಾಗಿ, ನನ್ನ ಬಳಿ ಬರುತ್ತಿದ್ದ ಇಬ್ಬರು ಬರುವುದನ್ನೇ ಬಿಟ್ಟಿದ್ದಾರೆ. ಆ ಹೆದರಿಕೆಯೇ ಬಾಯಿಗೆ ಬಂತು. ಈಗ ಅವರು ಬರುವ ಗುರುವಾರಗಳಂದು ಹಳೆಯ ಉಂಗುರ ಹಾಕಿಕೊಂಡು ಕೂರುತ್ತಿದ್ದೇನೆ. ನಾಚಿಕೆಯಾಗುತ್ತದೆ.

ನಿಮ್ಮ
ಶೆಂಗ್

*

ಎಂಬರಾಸ್
28 ಜುಲೈ

ಪ್ರಿಯ ಶೆಂಗ್,

ಬ್ಲೂಬೆರಿ ಈ ವರ್ಷ ಕರಡಿಗಳಿಗೆ. ನಾನು ಉಳಿದದ್ದನ್ನು ಆರಿಸುತ್ತೇನೆ.

ಫೋನಿನಲ್ಲಿ ನಾನು ಆರು ಮಾತಾಡುವುದಿಲ್ಲ. ನನ್ನ ತಂಗಿಯನ್ನು ಕೇಳು, ಎಂಟು ಆಡುತ್ತೇನೆ.

ಸುಳ್ಳು ಹೇಳಿದ್ದೀಯ, ಸರಿ. ನಿನ್ನ ಮನಸ್ಸು ಹಗುರವಾಗಲೆಂದು ಓಡಿಹೋಗಿ ಒಪ್ಪಿಕೊಳ್ಳಬೇಡ. ಆ ಹೆಂಗಸು ಬಂದಿರುವುದು ನಿನ್ನ ಭಾರ ಹೊರಲು ಅಲ್ಲ. ಅವರಿಗೆ ಉಪಯೋಗವಾಗುವ ದಿನ ಬಂದರೆ ಹೇಳು, ಆಗ ಅರೆಕ್ಷಣವೂ ತಡಮಾಡಬೇಡ. ಉಂಗುರ ಮಾತ್ರ ಇವತ್ತೇ ತೆಗೆ. ಬಾಯಿ ಜಾರುವುದು ಬೇರೆ, ವಾರವಾರ ವೇಷ ಹಾಕುವುದು ಬೇರೆ.

ಉತ್ತರ ತೋಚದ ಪ್ರಶ್ನೆ ಕೇಳಿದರೆ ನಾನು ಕಲಿಸಿದ್ದನ್ನೇ ಮಾಡು. ಸುಮ್ಮನೆ ಕೂರು. ನೀನು ಸುಮ್ಮನಿದ್ದರೆ ಉತ್ತರ ಅವರೊಳಗಿಂದಲೇ ಏಳುತ್ತದೆ. ಮೂವತ್ತನಾಲ್ಕು ವರ್ಷ ನಾನು ಅದರಿಂದಲೇ ಕೆಲಸ ನಡೆಸಿದವಳು.

ಸೌತೆಕಾಯಿ ಏನು ಮಾಡಿದೆ?

ಐಲಿ ಕೊರ್ಪೆಲಾ

*

ಸೇಂಟ್ ಪಾಲ್
17 ಆಗಸ್ಟ್

ಪ್ರಿಯ ಐಲಿ,

ಸೌತೆಕಾಯಿ ತಿಂದೆ. ಉಂಗುರ ತೆಗೆದೆ. ಸುಮ್ಮನೆಯೂ ಕೂತೆ. ಆ ಮೂರನೆಯದರಿಂದ ಒಂದು ಹುಡುಗಿಯ ಜೀವಕ್ಕೆ ಅಪಾಯ ತಂದಿದ್ದೇನೆ.

ನಿನ್ನೆ ಅತ್ತೆಯ ಈಲಿಯ ಭಾರ ಏನೆಂದು ಕೊನೆಗೂ ಹೊರಬಂತು. ಅವರಿಗೊಬ್ಬ ಮಗಳು, ಮೂವತ್ತೊಂದು ವರ್ಷ, ವಿಸ್ಕಾನ್ಸಿನ್ ಕಡೆಗೆ ಕೊಟ್ಟಿದ್ದರು. ಜೂನಿನಲ್ಲಿ ಗಂಡ ಅವಳ ಮಣಿಕಟ್ಟು ಮುರಿದ. ಇವಳು ಬ್ಯಾಂಡೇಜು ಸುತ್ತಿದ ಕೈಯಲ್ಲೇ ಕಾರು ಓಡಿಸಿಕೊಂಡು ಇಲ್ಲಿಗೆ ಬಂದು ಗೆಳತಿಯೊಬ್ಬಳ ನೆಲಮಾಳಿಗೆಯಲ್ಲಿದ್ದಾಳೆ. ಬಸುರಿ, ಈಗ ಏಳು ತಿಂಗಳು ತುಂಬಿದೆ. ಕೊಟ್ಟ ಹೆಣ್ಣು ತವರಿನ ಸೂರಿನಡಿ ಬಾಣಂತನ ಮಾಡಿಕೊಂಡರೆ ಮನೆಯ ಪಿತೃಗಳು ಮುನಿಯುತ್ತಾರೆ ಎಂದು ಅಪ್ಪ ಬಾಗಿಲು ಹಾಕಿದ್ದಾನೆ. ಬರುವ ಭಾನುವಾರ ಬಿಟ್ಟು ಅದರಾಚೆಯ ಭಾನುವಾರ, 26ಕ್ಕೆ, ಕುಲದ ಹಿರಿಯರು ಸೇರಿ ಅವಳನ್ನು ಗಂಡನ ಮನೆಗೆ ಕಳಿಸುವ ಮಾತು ನಡೆಸುತ್ತಾರಂತೆ.

ಅತ್ತೆ ನನ್ನ ಕೈ ಹಿಡಿದುಕೊಂಡು ಕೇಳಿದರು: “ನೀನು ಓದಿದೋಳು, ನಮ್ಮದೇ ಮನೆ ಸೊಸೆ. ನೀನೇ ಹೇಳು. ಕಳಿಸಿಬಿಡ್ಲಾ? ಕಳಿಸೋದೇ ಸರಿ ತಾನೆ?”

ಬೇಡ ಎನ್ನಲು ನನಗೆ ಯಾವ ಮುಖ, ನಾನೇ ಹೊರಟುಬಂದವಳು ಎಂದು ತಿಳಿದರೆ ಇವರು ನನ್ನ ಮಾತನ್ನು ಉಗಿದು ಎಸೆಯುವುದಿಲ್ಲವೇ ಎಂದೆಲ್ಲ ತಲೆಯಲ್ಲಿ ಓಡಿತು. ಆಗ ನಿಮ್ಮ ಪಾಠ ನೆನಪಾಯಿತು. ತಲೆ ತಗ್ಗಿಸಿ ಸುಮ್ಮನೆ ಕೂತೆ. ಒಂದು ನಿಮಿಷ, ಎರಡು ನಿಮಿಷ.

ಅವರು ಉದ್ದಕ್ಕೆ ಉಸಿರು ಬಿಟ್ಟು, ನನ್ನ ಕೈ ತಟ್ಟಿ, “ಸರಿ ಸೊಸೆ, ಗೊತ್ತಾಯ್ತು” ಎಂದು ಎದ್ದುಹೋದರು. ಅವರ ಹೆಜ್ಜೆ ಮೆಟ್ಟಿಲಿಳಿದ ಮೇಲೆ ನನಗೆ ಬುದ್ಧಿ ಬಂತು. ನಮ್ಮಲ್ಲಿ ಹಿರಿಯರು ಕೇಳಿದಾಗ ಸೊಸೆ ತಲೆ ತಗ್ಗಿಸಿ ಸುಮ್ಮನಿದ್ದರೆ ಅದು ಒಪ್ಪಿಗೆ. ಹುಟ್ಟಿದಾಗಿನಿಂದ ನೋಡಿಕೊಂಡು ಬಂದದ್ದನ್ನು ಆ ಎರಡು ನಿಮಿಷ ಮರೆತು ನಿಮ್ಮ ಶಿಷ್ಯೆಯಾಗಿ ಕೂತಿದ್ದೆ.

ಐದು ಸಲ ಫೋನು ಮಾಡಿದೆ, ಎತ್ತುತ್ತಿಲ್ಲ. ಕೊಯ್ಲಿನ ಕಾಲ, ಹೊಲದಲ್ಲಿರುತ್ತಾರೆ. ನಾಳೆ ಸಂತೆಗೆ ಹೋದರೆ ಸಿಗುತ್ತಾರೆ, ಆದರೆ ನಾಲ್ಕು ಜನರೆದುರು ನಾನು ಅವರನ್ನು ಮಾತಾಡಿಸುವಂತಿಲ್ಲ. ನಿಮ್ಮ ಮೇಲೆ ಸಿಟ್ಟು ಬಂದಿದೆ, ಐಲಿ. ನನ್ನ ಮೇಲೆ ಅದಕ್ಕಿಂತ ಹೆಚ್ಚು.

ಶೆಂಗ್

*

ಎಂಬರಾಸ್
21 ಆಗಸ್ಟ್

ಪ್ರಿಯ ಶೆಂಗ್,

ಈ ಪತ್ರಕ್ಕೆ ಕಾಯದೆ ಆಗಲೇ ಅವರ ಬಳಿ ಮಾತಾಡಿರುತ್ತೀಯ ಎಂದು ನಂಬಿದ್ದೇನೆ. ಆಡಿಲ್ಲದಿದ್ದರೆ ಇದನ್ನು ಇಲ್ಲಿಗೇ ಬಿಟ್ಟು ಫೋನು ಎತ್ತಿಕೋ.

ಸಿಟ್ಟು ಬಂದದ್ದು ಸರಿಯಾಗಿದೆ. ನಾನು ಗಣಿ ಊರಿನ ಫಿನ್ನಿಶ್ ಮನೆಯಲ್ಲಿ ಬೆಳೆದವಳು. ನಮ್ಮಪ್ಪ, ನಮ್ಮಮ್ಮ ಒಂದು ಇಡೀ ಚಳಿಗಾಲ ಎದುರುಬದುರು ಕೂತು ಕಾಫಿ ಕುಡಿದರೂ ಹತ್ತು ಮಾತಾಡಿರಲಿಕ್ಕಿಲ್ಲ, ಹಾಗೆಂದು ಜಗಳವೇನೂ ಇರಲಿಲ್ಲ. ನಮ್ಮ ಅಡುಗೆಮನೆಯ ಅಭ್ಯಾಸಕ್ಕೆ ನಾನು ಪಾಠದ ಹೆಸರು ಕೊಟ್ಟೆ. ಅದನ್ನೇ ನಿನಗೆ ಕಲಿಸಿದೆ, ನಿನ್ನ ಅಡುಗೆಮನೆ ಹೇಗಿತ್ತೆಂದು ಒಂದು ದಿನವೂ ಕೇಳದೆ.

ಇನ್ನೊಂದಿದೆ. 1974ರಲ್ಲಿ ನನಗೆ ಒಬ್ಬ ಮಗ ಹುಟ್ಟಿದ. ತೊಯಿವೊ ಎಂದು ಹೆಸರಿಟ್ಟೆವು. ಒಂಬತ್ತು ದಿನ ಇದ್ದ. ಗಂಡ ಹಿತ್ತಿಲಿಗೆ ಹೋಗಿ ಸೌದೆ ಒಡೆದ, ಮೂರು ವರ್ಷಕ್ಕಾಗುವಷ್ಟು ಒಡೆದ. ನಾವು ಆ ವಿಷಯ ಮತ್ತೆ ಎತ್ತಲಿಲ್ಲ. ಏಳು ವರ್ಷದ ಮೇಲೆ ಕೂಸು ಕಳೆದುಕೊಂಡ ತಾಯಿಯೊಬ್ಬಳು ನನ್ನೆದುರು ಕೂತು, “ನಿಮಗೆ ಮಕ್ಕಳಿದಾರಾ?” ಎಂದು ಕೇಳಿದಳು. ನಾನು ಸುಮ್ಮನಿದ್ದೆ. ಗೋಡೆ ಗಡಿಯಾರ ನೋಡುತ್ತಾ ಪೂರಾ ನಾಲ್ಕು ನಿಮಿಷ ಸುಮ್ಮನಿದ್ದೆ. ಅವಳು ಕೈಚೀಲ ತೆಗೆದುಕೊಂಡು ಎದ್ದುಹೋದಳು, ಮತ್ತೆ ಬರಲಿಲ್ಲ. ‘ಈಕೆ ಇನ್ನೂ ಮಾತಾಡಲು ಸಿದ್ಧಳಾಗಿಲ್ಲ’ ಎಂದು ನಾನು ಕಡತದಲ್ಲಿ ಬರೆದೆ. ಸಿದ್ಧಳಾಗಿರದಿದ್ದವಳು ನಾನು.

ಇದನ್ನು ಯಾರಿಗೂ ಹೇಳಿರಲಿಲ್ಲ. ಬರೆಯುವಾಗ ಅತ್ತುಬಿಟ್ಟೆ, ಕಾಗದದ ಮೇಲಿನ ಕಲೆ ಕಾಫಿಯದಲ್ಲ.

ಹೋಗು. ಮಾತಾಡು.

ಐಲಿ

*

ಸೇಂಟ್ ಪಾಲ್
22 ಆಗಸ್ಟ್

ಪ್ರಿಯ ಐಲಿ,

ನಿಮ್ಮ ಉತ್ತರಕ್ಕೆ ಕಾಯಲಿಲ್ಲ. ಸೋಮವಾರ ಅತ್ತೆಯೇ ಫೋನು ಮಾಡಿ, “ಈಗ ವಾಸಿ ಆಯ್ತು, ಇನ್ಮೇಲೆ ಬರಲ್ಲ” ಎಂದರು. ಕೊನೆಯದಾಗಿ ಒಂದು ಸಲ ಬಂದುಹೋಗಿ ಎಂದು ಬೇಡಿಕೊಂಡೆ. ನಿನ್ನೆ ಬಂದರು. ಬೀಳ್ಕೊಡುಗೆಯೆಂದು ಚೀಲದ ತುಂಬ ಸೌತೆಕಾಯಿ ತಂದು ಮೇಜಿನ ಮೇಲೆ ಜೋಡಿಸಿದರು.

“ಅತ್ತೆ, ಹೋದ ವಾರ ನಾನು ಸುಮ್ಮನಿದ್ದದ್ದು ಒಪ್ಪಿಗೆ ಅಲ್ಲ” ಎಂದೆ. “ಅವಳ ಕೈ ಮುರಿದವನ ಮನೆಗೆ ವಾಪಸ್ ಕಳಿಸಿ ಅಂತ ನಾನು ಯಾವತ್ತೂ ಹೇಳಲ್ಲ.”

“ಹಂಗಾದ್ರೆ ಅವತ್ತೇ ಬಾಯಿ ಬಿಡೋಕೆ ಏನಾಗಿತ್ತು ನಿಂಗೆ? ನಾನು ಮಗಳಿಗೆ ಹೇಳಿಬಿಟ್ಟೆ. ನಮ್ಮ ಕುಲದ ಸೊಸೆ, ಓದಿರೋಳು, ಅವಳೇ ಒಪ್ಪಿದಾಳೆ, ನೀನು ಹೊರಡು ಅಂದೆ.”

“ನಾನು ನಿಮ್ಮ ಕುಲದ ಸೊಸೆ ಅಲ್ಲ ಅತ್ತೆ. ಮೂರು ವರ್ಷ ಆಯ್ತು ಬಿಟ್ಟುಬಂದು. ನಿಮ್ಮ ಹತ್ರ ಸುಳ್ಳು ಹೇಳ್ದೆ. ಅವತ್ತು ಬಾಯಿ ಬಿಡದೆ ಇದ್ದದ್ದೂ ಅದೇ ಹೆದರಿಕೆಗೆ.”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನಿಮ್ಮಪ್ಪನ ಮನೇಲಿ ಸೇರಿಸ್ಕೊಂಡ್ರಾ?”

“ಇಲ್ಲ. ಅವರ ಮನೆ ಇಲ್ಲೇ ಫ್ರಾಗ್‌ಟೌನಲ್ಲಿ, ಹತ್ತು ನಿಮಿಷದ ದಾರಿ. ಅಪ್ಪ ಮಾತು ಬಿಟ್ಟಿದಾನೆ. ಹೊಸ ವರ್ಷದ ಊಟಾನ ಅಣ್ಣ ಡಬ್ಬಿಗೆ ಹಾಕಿ ಕಾರಿನ ಹತ್ರ ತಂದುಕೊಡ್ತಾನೆ. ಅಲ್ಲೇ ಕೂತು ತಿಂತೀನಿ.”

“ಗಂಡ ಹೊಡೀತಿದ್ನಾ?”

ಹೌದು ಎಂದಿದ್ದರೆ ಸುಲಭವಾಗುತ್ತಿತ್ತು. “ಇಲ್ಲ. ವರ್ಷಗಟ್ಟಲೆ ಮುಖ ಎತ್ತಿ ನೋಡ್ತಿರಲಿಲ್ಲ, ಅಷ್ಟೇ.”

“ಅಷ್ಟಕ್ಕೇ ಬಿಟ್ಟೆಯಾ!”

“ಅಷ್ಟಕ್ಕೇ ಬಿಟ್ಟೆ.”

“ಥೂ! ಮನೆ ಬಿಟ್ಟೋಳ ಮುಂದೆ ಮನೆ ಮಾತೆಲ್ಲ ಆಡ್ಕೊಂಡ್ನಲ್ಲಪ್ಪ!” ಎಂದು ಎದ್ದರು. ಒಂದೊಂದೇ ಸೌತೆಕಾಯಿಯನ್ನು ಚೀಲಕ್ಕೆ ವಾಪಸ್ ತುಂಬಿದರು. ಒಂದು ಉರುಳಿ ಮೇಜಿನಡಿ ಹೋಯಿತು. ನಾನು ಬಗ್ಗಿ ಎತ್ತಿಕೊಟ್ಟರೆ ಅದನ್ನೂ ಕಿತ್ತುಕೊಂಡರು. ನಗು ಬರಬೇಕಿತ್ತು, ಅಳು ಬಂತು. ಹೊಡೆತ ತಿಂದ ಹೆಂಗಸರಿಗೆ ನಮ್ಮವರೇ ನಡೆಸುವ ಮನೆಯೊಂದಿದೆ, ಅದರ ನಂಬರು ಬರೆದ ಚೀಟಿ ಮುಂದಿಟ್ಟು, “ಮಗಳನ್ನ ಕಳಿಸಬೇಡಿ. ಇದು ನನ್ನ ಮಾತು, ಬಾಯಿಬಿಟ್ಟು ಹೇಳ್ತಿದೀನಿ” ಎಂದೆ. ತಿರುಗಿ ನೋಡದೆ ಹೋದರು. ಆಮೇಲೆ ನೋಡಿದರೆ ಚೀಟಿ ಮೇಜಿನ ಮೇಲಿರಲಿಲ್ಲ.

ಕ್ಲಿನಿಕ್ಕಿನಲ್ಲಿ ನನ್ನ ಮೇಲಿನವರಿಗೆ ಎಲ್ಲ ತಿಳಿಸಿ ಕಡತದಲ್ಲಿ ಬರೆದಿಟ್ಟಿದ್ದೇನೆ, ನನ್ನ ಸುಳ್ಳನ್ನೂ ಸೇರಿಸಿ. ಹೆದರಿಕೆಯೆಲ್ಲ ಆ ಹುಡುಗಿಯ ಬಗ್ಗೆ. ಹೇಳಿದ್ದಕ್ಕೆ ಮಾತ್ರ ಪಶ್ಚಾತ್ತಾಪ ಇಲ್ಲ. ಐದು ದಿನ ಮೊದಲೇ ಹೇಳಬೇಕಿತ್ತು.

ಶೆಂಗ್

*

ಎಂಬರಾಸ್
10 ನವೆಂಬರ್

ಪ್ರಿಯ ಶೆಂಗ್,

ತೊಯಿವೊನ ಬಗ್ಗೆ ನೀನು ಬರೆದ ಎರಡು ಸಾಲನ್ನು ಸೆಪ್ಟೆಂಬರಿನಿಂದ ಕೋಟಿನ ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ. ಅದಾದ ಮೇಲೆ ನಿನ್ನಿಂದ ಏನೂ ಇಲ್ಲ. ನನ್ನ ತಂಗಿ ಎರಡು ತಿಂಗಳು ಬರೆಯದಿದ್ದರೆ ಚೆನ್ನಾಗಿದ್ದಾಳೆ ಎಂದುಕೊಳ್ಳುತ್ತೇನೆ. ನಿನ್ನ ವಿಷಯದಲ್ಲಿ ಹಾಗೆಂದುಕೊಳ್ಳುವ ತಪ್ಪು ಮಾಡುವುದಿಲ್ಲ. ಬಾಯಿಬಿಟ್ಟು ಕೇಳುತ್ತಿದ್ದೇನೆ: ಆ ಹುಡುಗಿ ಬದುಕಿದ್ದಾಳಾ?

ಐಲಿ

*

ಸೇಂಟ್ ಪಾಲ್
30 ನವೆಂಬರ್

ಪ್ರಿಯ ಐಲಿ,

ಬದುಕಿದ್ದಾಳೆ. ಗಂಡುಮಗುವಾಗಿದೆ. ನಿಮ್ಮ ಪತ್ರ ಬಂದಾಗ ನನಗೇ ಗೊತ್ತಿರಲಿಲ್ಲ. ನಿನ್ನೆ, ಗುರುವಾರ, ಅತ್ತೆಯ ಹಳೆಯ ಹೊತ್ತಿಗೆ ಸರಿಯಾಗಿ ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ಅವರೇ. ಮುಖ ಇಳಿದಿತ್ತು, ಬೆನ್ನು ಮಾತ್ರ ನೆಟ್ಟಗಿತ್ತು.

ಆಗಸ್ಟಿನ ಆ ಭಾನುವಾರ ಹಿರಿಯ ಗಂಡಸರೆಲ್ಲ ಸೇರಿದಾಗ ಅವರು ಅಡುಗೆಮನೆಯಿಂದ ಹೊರಬಂದು ನಡುವೆ ನಿಂತರಂತೆ. “ನನ್ ಮಗಳನ್ನ ನಾನು ಕಳಿಸಲ್ಲ” ಎಂದರಂತೆ. ಅತ್ತೆಯ ಗಂಡ, “ಸರಿ, ಆದ್ರೆ ನನ್ ಮನೇಲಿ ಬೇಡ” ಎಂದ. ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಆದರೆ ಹೆತ್ತ ಮೇಲೆ ಮೂವತ್ತು ದಿನ ಬಾಣಂತಿ ಇನ್ನೊಬ್ಬರ ಮನೆ ಹೊಸಿಲು ತುಳಿಯುವಂತಿಲ್ಲ, ಗೆಳತಿಯ ನೆಲಮಾಳಿಗೆಯೂ ಸಲ್ಲದು. ಅದಕ್ಕೆ ಅತ್ತೆ ಯಾವ ಪಿತೃಗಳೂ ಇಲ್ಲದ ಒಂದು ಖಾಲಿ ಕೋಣೆಯನ್ನು ಬಾಡಿಗೆಗೆ ಹಿಡಿದು, ಅನ್ನದ ಪಾತ್ರೆ ಎತ್ತಿಕೊಂಡು, ತಾವೂ ಮನೆ ಬಿಟ್ಟುಹೋದರು.

ಅವರ ಗಂಡ ನಮ್ಮ ಜನರಲ್ಲಿ ಸಾವಿನ ಮನೆಗೆ ಕರೆಸುವ ಮನುಷ್ಯ. ಸತ್ತವರ ಆತ್ಮಕ್ಕೆ, ಬಾಳಿದ ಒಂದೊಂದೇ ಊರನ್ನು ಹಿಂದುಹಿಂದಕ್ಕೆ ದಾಟಿಸಿ, ಹುಟ್ಟಿದ ಜಾಗದವರೆಗೆ ಹಾದಿ ಹೇಳುವ ಹಾಡು ಅವನಿಗೆ ಬಾಯಿಪಾಠ. ಹೊರಡುವಾಗ ಅತ್ತೆ ಅವನಿಗೆ ಹೇಳಿದರಂತೆ: “ಸತ್ತೋರಿಗೆಲ್ಲ ಹಾದಿ ಹೇಳ್ತೀಯ, ಬದುಕಿರೋ ಮಗಳಿಗೆ ಒಂದು ಬಾಗಿಲು ತೆಗೆಯೋಕೆ ಬರಲ್ವಾ ನಿಂಗೆ?” ಹನ್ನೆರಡನೇ ದಿನ ಅವನು ಕೋಳಿ ಕೊಯ್ದು, ಬಾಣಂತಿ ಸಾರಿನ ಸೊಪ್ಪು ಹಿಡಿದುಕೊಂಡು ಕೋಣೆಯ ಹೊರಗೆ ನಿಂತಿದ್ದನಂತೆ. ಆಮೇಲೆ ದಿನವೂ.

ಇಷ್ಟು ಹೇಳಿ ಅತ್ತೆ ಕಣ್ಣೊರೆಸಿಕೊಂಡರು. ಆಮೇಲೆ ನಲವತ್ತೊಂದು ವರ್ಷದಿಂದ ಯಾರಿಗೂ ಹೇಳದ್ದನ್ನು ಹೇಳಿದರು. ಥಾಯ್ಲೆಂಡಿನ ನಿರಾಶ್ರಿತರ ಶಿಬಿರದಲ್ಲಿ, ಹದಿನಾರನೇ ವಯಸ್ಸಿಗೆ, ಅವರೂ ಒಂದು ದಿನ ಗಂಡನ ಏಟು ತಾಳದೆ ಅಮ್ಮನ ಬಳಿ ಓಡಿಬಂದಿದ್ದರು. ಅಮ್ಮ ತಲೆ ಬಾಚಿ, ಊಟ ಹಾಕಿ, ಗಂಟು ಕೈಗೆ ಕೊಟ್ಟು ವಾಪಸ್ ಕಳಿಸಿದಳು. “ಕೂಗ್ತಾಳೆ, ಈಗ ಕೂಗ್ತಾಳೆ ಅಂತ ತಿರುವಿನ ತನಕ ನಿಧಾನಕ್ಕೆ ನಡೆದೆ. ಕೂಗ್ಲಿಲ್ಲ. ನೀನು ಕಾರಲ್ಲಿ ಕೂತು ಉಣ್ತೀನಿ ಅಂದ್ಯಲ್ಲ, ಅವತ್ತಿಂದ ಆ ತಿರುವು ಕಣ್ಮುಂದಿಂದ ಹೋಗ್ತಿಲ್ಲ. ಎಲ್ಲ ಸರಿ ಇರೋ ಸೊಸೆ ಮುಂದೆ ಇದನ್ನ ಹೇಳೋಕೆ ಆಗ್ತಿರ್ಲಿಲ್ಲ ಕಣೆ.”

ಐಲಿ, ಹದಿಮೂರು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ನನ್ನಲ್ಲಿ ಯಾವುದನ್ನು ಬಚ್ಚಿಟ್ಟುಕೊಂಡರೆ ಒಳ್ಳೆಯ ಥೆರಪಿಸ್ಟ್ ಆಗುತ್ತೇನೆಂದು ನಂಬಿದ್ದೆನೋ, ಅವರು ಬಂದು ಕೂತದ್ದು ಅದರ ಎದುರಿಗೆ. ಈ ಕೆಲಸ ನನಗೆ ಬರುತ್ತದೆ ಎಂದು ನಿನ್ನೆ ಮೊದಲ ಸಲ ಅನುಮಾನವಿಲ್ಲದೆ ಅನ್ನಿಸಿತು.

ಹೊರಡುವ ಮುಂಚೆ ಅವರು ನೇರವಾಗಿ ಕೇಳಿದರು. “ನೀನು ಸತ್ರೆ ಯಾರು ಹಾದಿ ಹೇಳ್ತಾರೆ ನಿಂಗೆ? ಆ ಕಡೇನೂ ಕುಲ ಇಲ್ಲ, ಈ ಕಡೇನೂ ಇಲ್ಲ.”

“ಗೊತ್ತಿಲ್ಲ. ಯೋಚಿಸಿದ್ರೆ ಭಯ ಆಗತ್ತೆ” ಎಂದೆ. ನಿಜವಾಗಿ ಆಗುತ್ತದೆ.

“ನಮ್ ಯಜಮಾನ್ರು ಹೇಳ್ತಾರೆ. ಮಾತಾಡಿದೀನಿ. ಮೊದಲು ಬೈದ್ರು, ಆಮೇಲೆ ಹೂಂ ಅಂದ್ರು. ಇದ್ದ ಊರೆಲ್ಲ ಬರೆದುಕೊಡು. ಕೊನೇಲಿ ನಿನ್ನ ಮಾಸು ಎಲ್ಲಿ ಹೂತಿದಾರೆ ಅಂತ ಬೇಕು. ಅದಿಲ್ದಿದ್ರೆ ಹಾದಿ ಮುಟ್ಟಲ್ಲ.”

ಇಂಥ ಉಡುಗೊರೆಯ ಬಗ್ಗೆ ಯಾವ ನಿಯಮದ ಪುಸ್ತಕದಲ್ಲೂ ಬರೆದಿಲ್ಲ. ಸೋಮವಾರ ಮೇಲಿನವರ ಬಳಿ ಕೂತು ಮಾತಾಡಬೇಕು. ಆದರೂ ಇವತ್ತು ಮನೆಗೆ ಬಂದು ಪಟ್ಟಿ ಮಾಡಿದೆ. ಊರುಗಳೆಲ್ಲ ಬರೆದಾಯಿತು. ನಾನು ಹುಟ್ಟಿದಾಗ ಅಮ್ಮನ ಹೊಟ್ಟೆಯಿಂದ ನನ್ನ ಹಿಂದೆಯೇ ಬಂದ ಮಾಸನ್ನು ಎಲ್ಲಿ ಹೂತರು ಎಂಬುದೊಂದು ಗೊತ್ತಿರಲಿಲ್ಲ. ಅಮ್ಮ ಇಲ್ಲ. ಗೊತ್ತಿರುವುದು ಅಪ್ಪನೊಬ್ಬನಿಗೆ. ಅರ್ಧ ಗಂಟೆ ಫೋನು ಹಿಡಿದು ಕೂತಿದ್ದು ಕೊನೆಗೆ ಮಾಡಿದೆ. ಅಪ್ಪನೇ ಎತ್ತಿದ.

“ಅಪ್ಪಾ, ನನ್ನ ಮಾಸು ಎಲ್ಲಿ ಹೂತಿದ್ದು?”

ಅವನು ಯೋಚಿಸಲೇ ಇಲ್ಲ. “ಬಾನ್ ವಿನಾಯ್ ಶಿಬಿರ, ಐದನೇ ಸೆಂಟರು, ಏಳನೇ ಕಟ್ಟಡ, ಬಾವಿ ಕಡೆಯಿಂದ ಮೂರನೇ ಕೋಣೆ. ನಮ್ಮ ಮಂಚದ ಕೆಳಗೆ. ನಾನೇ ಅಗೆದಿದ್ದು. ನೆಲ ಗಟ್ಟಿ ಇತ್ತು, ಪಕ್ಕದೋರ ಗುದ್ದಲಿ ತಂದಿದ್ದೆ.” ಅಷ್ಟು ಹೇಳಿ ತಟಕ್ಕನೆ ನಿಂತ. ದನಿ ಬದಲಾಯಿತು. “ಯಾಕೆ ಕೇಳ್ತಿದೀಯ? ಶೆಂಗ್? ಏನಾಗಿದೆ ನಿಂಗೆ? ಆಸ್ಪತ್ರೇಲಿದೀಯಾ?”

“ಇಲ್ಲ ಅಪ್ಪಾ. ಚೆನ್ನಾಗಿದೀನಿ. ಮನೇಲಿದೀನಿ.”

“ನಿಜ ಹೇಳು.”

“ನಿಜ.”

“ಎಲ್ಲಿದೆ ಮನೆ?” ಎಂದ. “ತಡಿ, ಇಡಬೇಡ. ಪೆನ್ನು ತಗೋತೀನಿ.”

ಡ್ರಾಯರು ಎಳೆದ ಸದ್ದು, ಏನೋ ಕೆಳಗೆ ಬಿದ್ದ ಸದ್ದು ಬಂತು. ಮೂರು ವರ್ಷದಿಂದ ನಾನಿರುವ ಮನೆಯ ವಿಳಾಸವನ್ನು ಅಪ್ಪನಿಗೆ ನಿಧಾನವಾಗಿ, ಒಂದೊಂದೇ ಅಂಕಿ ಬಿಡಿಸಿ, ಎರಡು ಸಲ ಹೇಳಿದೆ.

ನಿಮ್ಮ
ಶೆಂಗ್